ತೆರ್ನಾಟೆಯಲ್ಲಿ ಒಂದು ಬಾವಿಯನ್ನು ಹುಡುಕುತ್ತ

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಜಕಾರ್ತ, ಮತ್ತೆ ನಡುರಾತ್ರಿಯ ವಿಮಾನದಲ್ಲಿ ಮೂರೂವರೆ ಗಂಟೆ ಪೂರ್ವಕ್ಕೆ. ಹೀಗೆ ಕೂತೂ ಕೂತೂ ಬೆನ್ನು ಸೋತು ತೆರ್ನಾಟೆಯ ಸುಲ್ತಾನ್ ಬಾಬುಲ್ಲಾ ನಿಲ್ದಾಣದಲ್ಲಿ ಇಳಿದಾಗ ಆಗಷ್ಟೇ ಬೆಳಕು ಹರಿದಿತ್ತು. ಸಮುದ್ರದಿಂದ ನೇರವಾಗಿ ಎದ್ದು ನಿಂತ 1,715 ಮೀಟರ್ ಎತ್ತರದ ಗಮಲಾಮ ಎಂಬ ಜ್ವಾಲಾಮುಖಿಯೇ ಈ ದ್ವೀಪ. ಮನೆ, ಮಸೀದಿ, ಮಾರುಕಟ್ಟೆಗಳೆಲ್ಲ ಅದರ ಬುಡದಲ್ಲಿ ಕಡಲಿಗೆ ಅಂಟಿಕೊಂಡಿವೆ. ದಕ್ಷಿಣಕ್ಕೆ ಮೈತಾರ, ಅದರ ಹಿಂದೆ ತಿದೋರೆ. ಈ ಎರಡು ದ್ವೀಪಗಳ ನೋಟ ಇಂಡೋನೇಷ್ಯದ ಹಳೆಯ ಸಾವಿರ ರುಪಿಯಾ ನೋಟಿನ ಮೇಲೆ ಅಚ್ಚಾಗಿರುವುದರಿಂದ, ಪ್ರವಾಸಿಗಳು ನೋಟನ್ನು ಎತ್ತಿ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಇಲ್ಲಿಯ ವಾಡಿಕೆ. ನಾನೂ ತೆಗೆಸಿಕೊಂಡೆ.

ಆದರೆ ನಾನು ಬಂದದ್ದು ಒಂದು ಕಾಗದದ ಜಾಡು ಹಿಡಿದು. 1858ರ ಫೆಬ್ರವರಿಯ ತಾರೀಖು ಹಾಕಿ, 'ತೆರ್ನಾಟೆ' ಎಂದು ಸ್ಥಳ ನಮೂದಿಸಿ ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಮೂವತ್ತೈದರ ಇಂಗ್ಲಿಷ್ ನಿಸರ್ಗಶೋಧಕ ಬರೆದ ಪ್ರಬಂಧವೊಂದು ಇಲ್ಲಿಂದ ಹಬೆಹಡಗಿನ ಅಂಚೆಯಲ್ಲಿ ಹೊರಟು ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿದ್ದ ಚಾರ್ಲ್ಸ್ ಡಾರ್ವಿನ್ನರ ಕೈ ಸೇರಿತು. ನಿಸರ್ಗದ ಆಯ್ಕೆಯಿಂದ ಜೀವಜಾತಿಗಳು ಬದಲಾಗುತ್ತವೆಂದು ಇಪ್ಪತ್ತು ವರ್ಷಗಳಿಂದ ತಾವು ಒಳಗೊಳಗೇ ಬೆಳೆಸುತ್ತ ಬಂದ ಸಿದ್ಧಾಂತವನ್ನು ಇನ್ನೊಬ್ಬನ ಅಕ್ಷರದಲ್ಲಿ ಓದಿದ ಡಾರ್ವಿನ್ ತಲ್ಲಣಿಸಿಹೋದರು. ಅವರ ಗೆಳೆಯರು ಮುಂದೆ ನಿಂತು, ಅದೇ ವರ್ಷ ಜುಲೈ 1ರಂದು ಲಂಡನ್ನಿನ ನಿಸರ್ಗವಿಜ್ಞಾನಿಗಳ ಸಂಘವಾದ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿಸಿದರು. ಆ ಸಭೆಯಲ್ಲಿ ಇಬ್ಬರೂ ಇರಲಿಲ್ಲ: ಡಾರ್ವಿನ್ನರ ಮನೆಯಲ್ಲಿ ಕೂಸೊಂದು ತೀರಿಹೋಗಿತ್ತು; ವಾಲೇಸರಿಗೆ ಹೀಗೊಂದು ಸಭೆ ನಡೆಯುವ ಸುದ್ದಿಯೇ ತಲುಪಿರಲಿಲ್ಲ.

ಕೋಣೆಯಲ್ಲಿ ಚೀಲ ಇಳಿಸಿದವನೇ ವಾಲೇಸರ ಮನೆ ಹುಡುಕಲು ಹೊರಟೆ. ತಮ್ಮ ಪ್ರವಾಸ ಗ್ರಂಥದಲ್ಲಿ ಆ ಮನೆಯನ್ನು ಅವರು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾರೆ. ನಲವತ್ತು ಅಡಿ ಚೌಕದ ಕಟ್ಟಡ, ನಾಲ್ಕು ಕೋಣೆ, ಹಿಂದೆ ಮುಂದೆ ಅಗಲವಾದ ಜಗಲಿ. ಮೂರಡಿಯವರೆಗೆ ಕಲ್ಲಿನ ಗೋಡೆ, ಅದರ ಮೇಲೆ ಸಾಗುವಾನಿಯಲ್ಲ, ಸಾಗೋ ತಾಳೆಯ ಎಲೆದಂಟಿನ ಹೆಣಿಗೆ. ಹಿತ್ತಿಲಲ್ಲಿ ಕಾಡಾಗಿ ಬೆಳೆದ ಹಣ್ಣಿನ ಮರಗಳು, ತಣ್ಣನೆಯ ತಿಳಿನೀರಿನ ಆಳವಾದ ಬಾವಿ. ಐದು ನಿಮಿಷ ನಡೆದರೆ ಮಾರುಕಟ್ಟೆ, ಕಡಲ ದಂಡೆ. ಮನೆಯ ಕೆಳಗೇ ಪೋರ್ಚುಗೀಸರು ಕಟ್ಟಿದ ಕೋಟೆ ಇದೆಯೆಂದೂ ಅವರು ಬರೆದಿದ್ದಾರೆ. ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಊರ ನಡುವಿನ ದೊಡ್ಡ ಕೋಟೆಯಾದ ಒರಾಂಯೆಯನ್ನು 1607ರಲ್ಲಿ ಕಟ್ಟಿದವರು ಡಚ್ಚರು. ಪೋರ್ಚುಗೀಸರದೆನ್ನುವ ತೋಲುಕ್ಕೊ ಕೋಟೆ ಇರುವುದು ಉತ್ತರಕ್ಕೆ ಬಹುದೂರದಲ್ಲಿ. ವಾಲೇಸರೇ ತಪ್ಪು ತಿಳಿದಿದ್ದರೆಂದು ಒಪ್ಪಿಕೊಂಡರೆ ಮನೆ ಒರಾಂಯೆಯ ಮೇಲ್ಮಗ್ಗುಲಲ್ಲಿ ಎಲ್ಲೋ ಇದ್ದಿರಬೇಕು. ಸಂಶೋಧಕರು ಗುರುತಿಸಿರುವ ಜಾಗಗಳೂ ಒಂದಕ್ಕಿಂತ ಹೆಚ್ಚು.

ಕೋಟೆಯ ಹಿಂದಿನ ಓಣಿಗಳಲ್ಲಿ ಒಂದು ಮಧ್ಯಾಹ್ನವನ್ನೆಲ್ಲ ಅಲೆದೆ. ಬಾವಿಗೆ ಇವರು 'ಸುಮುರ್' ಎನ್ನುತ್ತಾರೆ. ಆ ಒಂದು ಪದವನ್ನೇ ಹಿಡಿದು ನಾಲ್ಕಾರು ಮನೆಗಳ ಬಾಗಿಲು ತಟ್ಟಿದ್ದಾಯಿತು. ನನ್ನ ಹೆಸರು ಕೇಳಲು ಅವರು 'ನಾಮ' ಎಂದಾಗ ಸಂಸ್ಕೃತ ಇಷ್ಟು ದೂರ ಬಂದಿರುವುದು ಕಂಡು ಖುಷಿಯಾಯಿತು. ಒಬ್ಬ ಅಜ್ಜಿ ಹಿತ್ತಿಲಿಗೆ ಕರೆದುಕೊಂಡು ಹೋಗಿ, ತಗಡು ಮುಚ್ಚಿದ ಬಾವಿಯೊಂದನ್ನು ತೋರಿಸಿದರು. ಕಲ್ಲು ಎಸೆದೆ, ತುಸು ಹೊತ್ತಿನ ಮೇಲೆ ನೀರಿನ ಸದ್ದು ಬಂತು. ಇದು ಅದೇ ಬಾವಿ ಎನ್ನಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಈ ಊರಿನಲ್ಲಿ ಮೇಲಕ್ಕೆ ಹೋದಷ್ಟೂ ಬಾವಿ ಆಳವಾಗಿರಲೇಬೇಕಲ್ಲ.

ಸಂಜೆ ಓಣಿಯ ಅಂಚಿನಲ್ಲಿ ಚಾಪೆ ಹಾಸಿ ಲವಂಗ ಒಣಗಿಸಿದ್ದರು. ನಮ್ಮ ಕಡೆಯ ಅಡಿಕೆ ತೋಟಗಳ ನಡುವೆ ಒಂದೆರಡು ಲವಂಗದ ಮರ ಇರುವುದನ್ನು ಕಂಡವನಿಗೆ ಆ ಪರಿಮಳ ಹೊಸದಲ್ಲ. ಆದರೆ ಅದರ ತವರು ತೆರ್ನಾಟೆ, ತಿದೋರೆ, ಮೋತಿ, ಮಾಕಿಯಾನ್, ಬಚಾನ್ ಎಂಬ ಈ ಐದೇ ಪುಟ್ಟ ದ್ವೀಪಗಳೆಂಬುದು ಇಲ್ಲಿ ನಿಂತಾಗ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ಅರಳುವ ಮೊದಲೇ ಕಿತ್ತ ಈ ಮೊಗ್ಗಿಗಾಗಿಯೇ ಕೋಟೆಗಳೆಲ್ಲ ಎದ್ದದ್ದು.

ವಾಲೇಸ್ ಬಂದದ್ದು ಲವಂಗಕ್ಕಲ್ಲ, ಹೊಟ್ಟೆಪಾಡಿಗೆ. ಹದಿನಾಲ್ಕರ ವಯಸ್ಸಿನಲ್ಲಿ ಶಾಲೆ ಬಿಟ್ಟು ಭೂಮಾಪನದ ಕೆಲಸ ಕಲಿತ ಅವರಿಗೆ ಡಾರ್ವಿನ್ನರಂತೆ ಮನೆತನದ ಆಸ್ತಿಯಿರಲಿಲ್ಲ. ಕೀಟ, ಪಕ್ಷಿಗಳನ್ನು ಹಿಡಿದು, ಹದಮಾಡಿ, ಲಂಡನ್ನಿನ ಏಜೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್ ಮೂಲಕ ಮಾರಿ ಬಂದ ಹಣವೇ ಜೀವನ. ಅಮೆಜಾನ್ ಕಾಡಿನಲ್ಲಿ ನಾಲ್ಕು ವರ್ಷ ದುಡಿದು ಮರಳುವಾಗ, 1852ರ ಆಗಸ್ಟಿನಲ್ಲಿ, ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿದ್ದು ಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಹತ್ತು ದಿನ ತೆರೆದ ದೋಣಿಯಲ್ಲಿ ತೇಲಿದರು. ಇಷ್ಟಾಗಿಯೂ ಎರಡೇ ವರ್ಷದಲ್ಲಿ ಸಿಂಗಪುರಕ್ಕೆ ಬಂದಿಳಿದು, ಮುಂದಿನ ಎಂಟು ವರ್ಷ ಈ ದ್ವೀಪಸಮೂಹದಲ್ಲಿ ಅಲೆದು ಕೂಡಿಹಾಕಿದ್ದು 1,25,660 ಮಾದರಿಗಳು. ಅದರಲ್ಲಿ ಜೀರುಂಡೆ ಗುಂಪಿನ ಕೀಟಗಳೇ 83,200.

ವ್ಯಾಪಾರಕ್ಕಾಗಿ ಹಿಡಿಯುವವನು ಒಂದೇ ಜಾತಿಯ ಹತ್ತಾರು ಚಿಟ್ಟೆಗಳನ್ನು ಒಟ್ಟಿಗೆ ಹಿಡಿಯಬೇಕು. ಹಾಗೆ ಸಾಲಾಗಿ ಜೋಡಿಸಿಟ್ಟಾಗ ಯಾವ ಎರಡೂ ಒಂದೇ ಥರ ಇರುವುದಿಲ್ಲ: ಒಂದರ ರೆಕ್ಕೆ ತುಸು ಉದ್ದ, ಇನ್ನೊಂದರ ಬಣ್ಣ ತುಸು ಮಾಸಲು. ಈ ಸಣ್ಣ ವ್ಯತ್ಯಾಸಗಳನ್ನು ದಿನವೂ ಕೈಯಾರೆ ಕಂಡವರು ಅವರು. ವಸ್ತುಸಂಗ್ರಹಾಲಯಕ್ಕೆ ಪ್ರತಿ ಜಾತಿಯಿಂದ ಒಂದೊಂದನ್ನೇ ತರುವ ಶ್ರೀಮಂತ ಹವ್ಯಾಸಿಗೆ ಇದು ಇಷ್ಟು ಬಲವಾಗಿ ಹೊಳೆಯುತ್ತಿರಲಿಲ್ಲವೆಂದು ನನ್ನ ಅನಿಸಿಕೆ. ಬಡತನದ ಲಾಭವೆಂದು ಇದನ್ನು ಹೊಗಳಲಾರೆ, ಆದರೆ ಕಸುಬು ಕಣ್ಣನ್ನು ಪಳಗಿಸಿತೆಂಬುದು ದಿಟ.

ಚಳಿಜ್ವರ ಬಂದು, ಹೊರಗೆ 31 ಡಿಗ್ರಿ ಸೆಲ್ಸಿಯಸ್ ಸೆಕೆಯಿದ್ದರೂ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದಾಗ ಅವರಿಗೆ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ಥಸರ ಜನಸಂಖ್ಯೆಯ ವಾದ ನೆನಪಾಯಿತಂತೆ. ಹುಟ್ಟಿದ್ದೆಲ್ಲ ಉಳಿಯುವುದಿಲ್ಲ, ಹಾಗಾದರೆ ಉಳಿಯುವುದು ಯಾವುದು? ವ್ಯತ್ಯಾಸಗಳಲ್ಲಿ ಪರಿಸರಕ್ಕೆ ಹೆಚ್ಚು ಒಗ್ಗಿದ್ದು. ಜ್ವರ ಇಳಿದ ಸಂಜೆ ಕರಡು ಬರೆದು, ಮುಂದಿನ ಎರಡು ಸಂಜೆಗಳಲ್ಲಿ ಶುದ್ಧಪ್ರತಿ ಮುಗಿಸಿದರು. ಆಗ ಅವರಿದ್ದದ್ದು ಇಲ್ಲೋ, ಎದುರಿನ ಹಲ್ಮಹೇರಾ ದ್ವೀಪದ ದೋದಿಂಗದಲ್ಲೋ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ.

ಮೂರನೆಯ ದಿನ ಸ್ಪೀಡ್‌ಬೋಟ್ ಹಿಡಿದು ಹಲ್ಮಹೇರಾದ ಸೋಫಿಫಿಗೆ ದಾಟಿದೆ. ಅಕೆತಜಾವೆ-ಲೋಲೋಬಾಟಾ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ರಾತ್ರಿ ತಂಗಿ, ನಸುಕಿಗೆ ಮುಂಚೆಯೇ ಟಾರ್ಚ್ ಹಿಡಿದ ಮಾರ್ಗದರ್ಶಿಯ ಹಿಂದೆ ಹೊರಟೆ. ಹಿಂದಿನ ರಾತ್ರಿಯ ಮಳೆಗೆ ದಾರಿ ಕೆಸರಾಗಿ, ಎರಡು ಬಾರಿ ಜಾರಿ ಬಿದ್ದೆ. ಕಾಡು ಇನ್ನೂ ಕಪ್ಪಾಗಿರುವಾಗಲೇ ಮೇಲೆ ಕರ್ಕಶವಾದ ಕೂಗಾಟ ಶುರುವಾಯಿತು. ಬೆಳಕು ಮೂಡಿದಂತೆ ಕೊಂಬೆಗಳ ಮೇಲೆ ಗಂಡುಗಳು ಒಂದೊಂದಾಗಿ ಕಂಡವು: ಮೈಯೆಲ್ಲ ಕಂದು, ಎದೆಯ ಮೇಲೆ ಮಿರುಗುವ ಹಸಿರು ಕವಚ, ಪ್ರತಿ ರೆಕ್ಕೆಯ ಮಡಿಕೆಯಿಂದ ಹೊರಟ ಎರಡೆರಡು ಉದ್ದನೆಯ ಬಿಳಿ ಗರಿ. ಕೊಂಬೆಯಿಂದ ಮೇಲಕ್ಕೆ ಚಿಮ್ಮಿ, ಆ ಗರಿಗಳನ್ನು ನಿಮಿರಿಸಿ, ರೆಕ್ಕೆ ಹರಡಿ ಇಳಿಯುವ ಆಟವನ್ನು ಅರ್ಧ ಗಂಟೆಗೂ ಮಿಕ್ಕಿ ನೋಡಿದೆ. ವಾಲೇಸರ ಹೆಸರನ್ನೇ ಹೊತ್ತ ಸ್ವರ್ಗಪಕ್ಷಿ ಇದು. ಇಲ್ಲಿಯವರು ಕರೆಯುವುದು 'ಬುರುಂಗ್ ಬಿದಾದಾರಿ' ಎಂದು. ಬಿದಾದಾರಿ ಎಂದರೆ ನಮ್ಮ ವಿದ್ಯಾಧರಿಯೇ. ಗಂಧರ್ವಲೋಕದ ಹೆಣ್ಣು ಇಲ್ಲಿ ಗಂಡು ಹಕ್ಕಿಯಾಗಿ ಕುಣಿಯುತ್ತಿದ್ದಾಳೆ.

ಈ ಹಕ್ಕಿಯನ್ನು 1858ರಲ್ಲಿ ಬಚಾನ್ ದ್ವೀಪದಲ್ಲಿ ಮೊದಲು ಹೊಡೆದು ತಂದು ಯಜಮಾನನಿಗೆ ತೋರಿಸಿದವನು ಅಲಿ. ಬೋರ್ನಿಯೊದ ಸರವಾಕಿನ ಮಲಯ ಹುಡುಗನಾಗಿ ಅಡುಗೆಗೆಂದು ಸೇರಿ, ಬಂದೂಕು ಹಿಡಿಯಲು, ಹಕ್ಕಿಯ ಚರ್ಮ ಸುಲಿದು ಹದಮಾಡಲು ಕಲಿತು ವಾಲೇಸರ ಬಲಗೈಯಾದವನು. ಅವನ ಮದುವೆಯಾದದ್ದು ತೆರ್ನಾಟೆಯಲ್ಲೇ. 1862ರಲ್ಲಿ ಸಿಂಗಪುರದಲ್ಲಿ ಬೀಳ್ಕೊಡುವಾಗ ವಾಲೇಸ್ ಅವನಿಗೆ ಐರೋಪ್ಯ ಉಡುಪು ತೊಡಿಸಿ ತೆಗೆಸಿದ ಚಿತ್ರ ಉಳಿದಿದೆ. ಹಕ್ಕಿಗೆ ಮಾತ್ರ ಅವನ ಹೆಸರು ಬರಲಿಲ್ಲ.

ಹಿಂದಿರುಗುವ ದಿನ ವಿಮಾನಕ್ಕೆ ಮೂರು ಗಂಟೆ ಬಾಕಿಯಿತ್ತು. ಒರಾಂಯೆ ಕೋಟೆಯ ಹೊರಗೆ, ಬಾದಾಮಿಯಂಥ ಕೆನಾರಿ ಬೀಜ ಉದುರಿಸಿದ ಕಾಫಿ ಕುಡಿಯುತ್ತ ಕೂತೆ. ಹೋಗಿಬರುವ ಮುದುಕರ ಮುಖಗಳ ಮೇಲೆ ಸುಮ್ಮನೆ ಕಣ್ಣು ಹರಿಯುತ್ತಿತ್ತು. ವಾಲೇಸ್ ಈ ಊರು ಬಿಟ್ಟು ನಾಲ್ಕು ದಶಕ ಕಳೆದ ಮೇಲೆ, 1907ರಲ್ಲಿ, ಇಲ್ಲಿಗೆ ಬಂದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಅವರನ್ನು ಹೀಗೇ ಒಬ್ಬ ಸುಕ್ಕುಗಟ್ಟಿದ ಮುದುಕ ತಡೆದು ನಿಲ್ಲಿಸಿದ್ದನಂತೆ. ಮಾಸಿದ ನೀಲಿ ಟೋಪಿ ತೊಟ್ಟಿದ್ದ ಆತ ಪರಿಚಯ ಹೇಳಿಕೊಂಡದ್ದು ಇಷ್ಟೇ: ನಾನು ಅಲಿ ವಾಲೇಸ್.