‘ಸಿನಿಮಾ ಹೇಗಿದೆ, ನೋಡಬಹುದಾ?’ ಎಂದು ಕೇಳುವವರಿಗೆ

ಯಾವುದಾದರೂ ಸಿನಿಮಾ ನೋಡಿ ಬಂದೆನೆಂದು ತಿಳಿದರೆ ಸಾಕು, ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ‘ಹೇಗಿದೆ, ನೋಡಬಹುದಾ?’ ಚೆನ್ನಾಗಿದೆ ಎಂದೋ ಸುಮಾರಾಗಿದೆ ಎಂದೋ ಹೇಳಿ ಮುಗಿಸದೆ, ಯಾವುದೋ ದೃಶ್ಯವನ್ನು ಹಿಡಿದುಕೊಂಡು ಮಾತಾಡುತ್ತ ಕೂರುತ್ತೇನೆಂಬುದು ಅವರಲ್ಲಿ ಹಲವರ ಆಕ್ಷೇಪ. ಆದರೆ ನನಗೆ ಮುಖ್ಯವೆನಿಸುವುದು ಆ ಕತೆಯನ್ನು ಯಾರ ಕಣ್ಣಿನಿಂದ ತೋರಿಸಿದ್ದಾರೆ ಎಂಬುದು. ಅದನ್ನು ದೃಶ್ಯದ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಈಚೆಗೆ ಮತ್ತೊಮ್ಮೆ ನೋಡಿದ ಎರಡು ಕನ್ನಡ ಚಿತ್ರಗಳನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲನೆಯದು ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’. ಯು. ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿದ ಈ ಚಿತ್ರಕ್ಕೆ, ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪತಿಗಳ ಸ್ವರ್ಣಕಮಲ ಬಂದಿತ್ತು. ವೇದಪಾಠಕ್ಕೆಂದು ಅಗ್ರಹಾರದ ಉಡುಪರ ಮನೆ ಸೇರಿದ ನಾಣಿ ಎಂಬ ಪುಟ್ಟ ಹುಡುಗನಿಗೆ, ಹಿರಿಯ ವಿದ್ಯಾರ್ಥಿಗಳ ಕಾಟದ ನಡುವೆ, ಅಕ್ಕರೆ ತೋರಿಸುವವಳು ಉಡುಪರ ವಿಧವೆ ಮಗಳು ಯಮುನಾ ಒಬ್ಬಳೇ. ಅವಳು ಗರ್ಭಿಣಿಯಾಗಿದ್ದಾಳೆ ಎಂಬುದು ನೋಡುವ ನಮಗೆ ಬೇಗ ತಿಳಿಯುತ್ತದೆ, ನಾಣಿಗೆ ತಿಳಿಯುವುದಿಲ್ಲ; ಅಕ್ಕ ಏಕೆ ಅಳುತ್ತಾಳೆ, ಕತ್ತಲಲ್ಲಿ ಎಲ್ಲಿಗೆ ಹೋಗುತ್ತಾಳೆ, ಊರಿನವರು ಏಕೆ ಪಿಸುಗುಟ್ಟುತ್ತಾರೆ ಎಂಬುದೆಲ್ಲ ಅವನಿಗೆ ಬರೀ ಭಯ. ನಮ್ಮ ತಿಳಿವಳಿಕೆಗೂ ಅವನ ತಿಳಿವಳಿಕೆಗೂ ಇರುವ ಈ ಅಂತರದಲ್ಲೇ ಚಿತ್ರದ ಶಕ್ತಿಯೆಲ್ಲ ಅಡಗಿದೆ ಎಂದು ನಾನು ನಂಬಿದ್ದೇನೆ. ಇದೇ ಕತೆಯನ್ನು ಅಗ್ರಹಾರದ ಹಿರಿಯರೊಬ್ಬರ ಬಾಯಿಂದ ಹೇಳಿಸಿದ್ದರೆ ಅದು ತೀರ್ಪಾಗುತ್ತಿತ್ತು, ಸುಧಾರಕನೊಬ್ಬನಿಂದ ಹೇಳಿಸಿದ್ದರೆ ಭಾಷಣವಾಗುತ್ತಿತ್ತು. ತೀರ್ಪು ಕೊಡುವ ವಯಸ್ಸೇ ಆಗದ ಹುಡುಗ ನೋಡುತ್ತಿರುವುದರಿಂದ, ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಅವಳನ್ನು ಜಾತಿಯಿಂದ ಹೊರಹಾಕುವ ಆ ವಿಧಿಯ ಕ್ರೌರ್ಯ ಯಾವ ವ್ಯಾಖ್ಯಾನವೂ ಇಲ್ಲದೆ ನೇರವಾಗಿ ನಮ್ಮೆದುರು ನಿಲ್ಲುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣವೂ ಬಿ. ವಿ. ಕಾರಂತರ ಸಂಗೀತವೂ ಆ ಹುಡುಗನ ದಿಗಿಲಿಗೆ ಹೊಂದಿಕೊಂಡೇ ಸಾಗುತ್ತವೆ. ಈ ಚಿತ್ರದ ಪ್ರತಿಯನ್ನು ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂಬ ಸುದ್ದಿ ಓದಿದಾಗ ನನಗಾದ ಸಂತೋಷ ಸಣ್ಣದಲ್ಲ. ನೆರಳು ಬೆಳಕಿನಲ್ಲೇ ಅರ್ಧ ಮಾತಾಡುವ ಚಿತ್ರಕ್ಕೆ ಒಳ್ಳೆಯ ಪ್ರತಿ ಎಂದರೆ ಮರುಜನ್ಮವೇ ಸರಿ.

ಇನ್ನೊಂದು, ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಹಾದಿಬದಿಯಲ್ಲಿ ಕೂತು, ಹೋಗಿ ಬರುವವರನ್ನೆಲ್ಲ ಬೈಯುತ್ತಿದ್ದು, ಎದ್ದು ಪಕ್ಕಕ್ಕೆ ಹೋದವನು ಕುಸಿದು ಸಾಯುತ್ತಾನೆ. ಅಲ್ಲಿಂದ ತಿಥಿಯವರೆಗಿನ ದಿನಗಳೇ ಕತೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಲಿನ ಊರುಗಳವರೇ ಪಾತ್ರ ಮಾಡಿದ್ದಾರೆ. ಚಿತ್ರಕತೆಯಲ್ಲಿ ಕೈಜೋಡಿಸಿದ ಈರೇಗೌಡರು ಆ ಊರಿನವರೇ. ಇಲ್ಲಿ ಕ್ಯಾಮೆರಾ ಯಾರೊಬ್ಬರ ಪಕ್ಷವನ್ನೂ ಹಿಡಿಯುವುದಿಲ್ಲ. ಜಮೀನು ಮಾರುವ ಆತುರದಲ್ಲಿ ಜೀವಂತ ತಂದೆಯನ್ನೇ ಸತ್ತನೆಂದು ತೋರಿಸಲು ಹೊರಟ, ಸೆಂಚುರಿ ಗೌಡನ ಮೊಮ್ಮಗ ತಮ್ಮಣ್ಣನನ್ನಾಗಲಿ, ಯಾವುದರ ಗೊಡವೆಯೂ ಬೇಡವೆಂದು ಅಲೆಯುವ ಅವನ ತಂದೆ ಗಡ್ಡಪ್ಪನನ್ನಾಗಲಿ ಅದು ಒಳ್ಳೆಯವನು ಕೆಟ್ಟವನು ಎಂದು ವಿಂಗಡಿಸದೆ, ಜಗಲಿಯ ಮೇಲೆ ಕೂತ ನೆರೆಯವನಷ್ಟು ದೂರದಿಂದ ನೋಡುತ್ತದೆ. ಕುರಿಗಾಹಿಗಳ ಬಿಡಾರದಲ್ಲಿ ಗಡ್ಡಪ್ಪ ತನ್ನ ಬಾಳಿನ ದೊಡ್ಡ ನೋವನ್ನು ಹೇಳಿಕೊಳ್ಳುವ ದೃಶ್ಯದಲ್ಲಿ, ಹಳೆಯದನ್ನು ತೆರೆಯ ಮೇಲೆ ಮರುಸೃಷ್ಟಿಸುವ ಗೋಜಿಗೆ ಹೋಗದೆ, ಮುದುಕನ ಮಾತನ್ನಷ್ಟೇ ಕೇಳಿಸಿದ್ದಾರೆ. ಅಲ್ಲಿಯವರೆಗೆ ನಕ್ಕಿದ್ದವರೆಲ್ಲ ಅಲ್ಲಿ ಸುಮ್ಮನಾಗುತ್ತಾರೆ.

ಈ ಎರಡು ಚಿತ್ರಗಳ ಬಗ್ಗೆಯೂ ‘ಬಹಳ ನಿಧಾನ’ ಎಂಬ ದೂರು ಕೇಳಿದ್ದೇನೆ. ಏನೂ ಅರ್ಥವಾಗದ ಹುಡುಗನ ಕಣ್ಣಿಗೆ ಅಗ್ರಹಾರದ ಒಂದು ರಾತ್ರಿ ಎಷ್ಟು ಉದ್ದವೋ ಚಿತ್ರದಲ್ಲಿಯೂ ಅಷ್ಟೇ ಉದ್ದವಾಗಿರಬೇಕು. ಅದನ್ನು ಚುರುಕುಗೊಳಿಸಿದರೆ ಹುಡುಗನೇ ಇಲ್ಲವಾಗುತ್ತಾನೆ. ನಿಧಾನವೆಂಬ ಕಾರಣಕ್ಕೆ ಇವುಗಳನ್ನು ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಇಂಥವು ನಮ್ಮ ಭಾಷೆಯಲ್ಲಿ ಹೆಚ್ಚಾಗಿ ಬಂದಿಲ್ಲ.

ಹಾಗಾಗಿ ‘ನೋಡಬಹುದಾ’ ಎಂದು ಇಂದು ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ‘ತಿಥಿ’ಯನ್ನು ಮನೆಯವರೊಂದಿಗೆ, ಮಂಡ್ಯದ ಮಾತು ಬಲ್ಲ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಂಡು ನೋಡಿ, ಬೈಗುಳಗಳಿವೆಯೆಂದು ಮೊದಲೇ ತಿಳಿಸಿರಿ. ‘ಘಟಶ್ರಾದ್ಧ’ವನ್ನು ಮಾತ್ರ ಫೋನಿನಲ್ಲಿ ನೋಡಬೇಡಿ; ದೊಡ್ಡ ತೆರೆಯ ಪ್ರದರ್ಶನ ಎಲ್ಲಾದರೂ ಇದ್ದರೆ ಅದಕ್ಕೆ ಹೋಗಿ, ಇಲ್ಲವಾದರೆ ಮನೆಯ ದೀಪ ಆರಿಸಿ, ನಡುವೆ ಏಳದೆ ನೋಡಿ.