ಶಾಲು ಒಂದು ಕಡೆ ಯಾಕೆ ಗಿಡ್ಡ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಹೆಣೆದ ಕ್ರೋಶಾ ಶಾಲನ್ನು ಹೊದ್ದು ಹೊರಟರೆ ಸಾಕು, ಯಾರಾದರೊಬ್ಬರು ಅದರ ಒಂದು ತುದಿಯನ್ನು ಕೈಗೆತ್ತಿಕೊಂಡು, ಇನ್ನೊಂದು ತುದಿಯನ್ನು ಕಣ್ಣಿನಲ್ಲೇ ಅಳೆದು, "ಇದು ಒಂದು ಕಡೆ ಯಾಕೆ ಗಿಡ್ಡ ಆಯಿತು?" ಎಂದು ಕೇಳುತ್ತಾರೆ. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಅದು ಹಾಗೆಯೇ ಇರಬೇಕೆಂದು ಮೊದಲ ಸಾಲು ಹಾಕುವ ಮುನ್ನವೇ ತೀರ್ಮಾನಿಸಿ ಹೆಣೆದ ಶಾಲು. ಅದಕ್ಕೆ ಮೂರು ಅಂಚುಗಳಿವೆ, ಮೂರರ ಉದ್ದವೂ ಬೇರೆ ಬೇರೆ, ಮತ್ತು ಅದರಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ.

ಕುತೂಹಲದಿಂದ ಕೇಳಿದರೆ ನನಗೆ ಬೇಸರವಿಲ್ಲ. ಬೇಸರವಾಗುವುದು ಜನ ಪ್ರಶ್ನೆಯ ಜೊತೆಗೆ ಕಾರಣವನ್ನೂ ತಾವೇ ತಂದುಬಿಡುವುದಕ್ಕೆ. ಉಲ್ಲನ್ ಸಾಲಲಿಲ್ಲವೇ, ಲೆಕ್ಕ ತಪ್ಪಿತೇ, ಇನ್ನೂ ಕಲಿಯುತ್ತಿದ್ದೀರಾ, ಈ ಮೂರರಲ್ಲಿ ಒಂದನ್ನು ಅವರೇ ಆರಿಸಿಕೊಂಡಿರುತ್ತಾರೆ. ನಾನು ಹೌದೆಂದು ತಲೆಯಾಡಿಸುವುದಷ್ಟೇ ಬಾಕಿ ಇರುತ್ತದೆ. ತಲೆಯಾಡಿಸದಿದ್ದರೆ ಸಮಾಧಾನ ಹೇಳಲು ಶುರುಮಾಡುತ್ತಾರೆ.

ಶಿವಮೊಗ್ಗದಲ್ಲಿ ಬಂಧುಗಳ ಮದುವೆಯೊಂದರಲ್ಲಿ, ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ, ನನ್ನ ದೊಡ್ಡಮ್ಮ ಶಾಲನ್ನು ನನ್ನ ಹೆಗಲಿನಿಂದಲೇ ಬಿಡಿಸಿಕೊಂಡರು. "ಏನೇ ಇದು, ಒಂದ್ಕಡೆ ಗಿಡ್ಡ ಆಗ್ಬಿಟ್ಟಿದೆಯಲ್ಲೇ! ಉಲ್ಲನ್ ಸಾಲ್ಲಿಲ್ವಾ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲ" ಎಂದು ಹೇಳಿ, ಪಕ್ಕದಲ್ಲಿದ್ದ ಇಬ್ಬರ ಕೈಗೆ ಒಂದೊಂದು ತುದಿ ಕೊಟ್ಟು, ನಡುವೆ ಮಡಿಸಿ, ಎರಡು ಕಡೆಯೂ ಹೊಂದುವುದಿಲ್ಲವೆಂದು ಸುತ್ತಲಿನವರಿಗೆಲ್ಲ ತೋರಿಸಿದರು. ಮದುವೆಯ ವಿಡಿಯೊ ತೆಗೆಯುತ್ತಿದ್ದ ಹುಡುಗ ಯಾವುದೋ ಶಾಸ್ತ್ರ ನಡೆಯುತ್ತಿದೆ ಎಂದುಕೊಂಡು ಕ್ಯಾಮೆರಾ ಇತ್ತ ತಿರುಗಿಸಿದ. ಗಂಡಿನ ಕಡೆಯ ಹಿರಿಯರೊಬ್ಬರು, "ಬಿಚ್ಚಿ ಹಾಕಮ್ಮ, ಕ್ರೋಶಾ ಅಲ್ವಾ, ಒಂದೆಳೆ ಎಳೆದ್ರೆ ಪೂರ್ತಿ ಬಿಚ್ಕೊಳ್ಳತ್ತೆ" ಎಂದು ಸಲಹೆ ಕೊಟ್ಟರು. ಅವರು ಹೇಳಿದ್ದು ನಿಜ, ಕ್ರೋಶಾ ಹಾಗೆಯೇ ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ನಾನು ಶಾಲನ್ನು ಅವರ ಕೈಯಿಂದ ಬೇಗನೆ ವಾಪಸ್ ತೆಗೆದುಕೊಂಡೆ. ಊಟ ಮುಗಿಯುವವರೆಗೂ ಆ ಪಂಕ್ತಿಯಲ್ಲಿ ಯಾರೂ ನನ್ನ ಉತ್ತರವನ್ನು ಕೇಳಲಿಲ್ಲ. ಅಂದು ಹೇಳಲಾಗದೆ ಹೋದದ್ದನ್ನು ಈಗ ಹೇಳುತ್ತೇನೆ.

ನೂಲು ಸಾಲಲಿಲ್ಲವೇ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನೂಲು ಸಾಲದೆ ಹೋಗುವ ಭಯ ಇರುವುದು ಆಯತಾಕಾರದ ಶಾಲಿಗೆ. ಅದರ ಅಗಲವನ್ನು ಮೊದಲ ಚೈನಿನಲ್ಲೇ, ಅಂದರೆ ಬುಡಕ್ಕೆ ಹಾಕುವ ಕುಣಿಕೆಗಳ ಸರಪಳಿಯಲ್ಲೇ, ನಿರ್ಧರಿಸಿಬಿಡಬೇಕು. ಆಮೇಲೆ ಉದ್ದ ಎಲ್ಲಿಯವರೆಗೆ ಬರುತ್ತದೆ ಎಂಬುದು ಉಂಡೆಯಲ್ಲಿ ಉಳಿದ ನೂಲಿಗೆ ಬಿಟ್ಟದ್ದು, ನಡುವೆ ಮುಗಿದರೆ ಶಾಲಾಗಬೇಕಿದ್ದದ್ದು ಮಫ್ಲರ್ ಆಗಿ ನಿಲ್ಲುತ್ತದೆ. ನಾನು ಹೆಣೆಯುವ ಶಾಲು ಒಂದು ಮೂಲೆಯಿಂದ, ಎರಡೇ ಕಂಬಗಳಿಂದ (ಕಂಬ ಎಂದರೆ ಕೊಕ್ಕೆಕಡ್ಡಿಗೆ ನೂಲನ್ನು ಒಮ್ಮೆ ಸುತ್ತಿ ಹಾಕುವ ಎತ್ತರದ ಹೊಲಿಗೆ) ಶುರುವಾಗಿ, ಸಾಲಿಗೊಂದು ಕಂಬದಂತೆ ಅಗಲವಾಗುತ್ತ ಹೋಗುತ್ತದೆ. ಯಾವ ಸಾಲಿನಲ್ಲಿ ನಿಲ್ಲಿಸಿದರೂ ಅದೇ ಆಕಾರದ ತ್ರಿಕೋನವೇ ಕೈಗೆ ಬರುತ್ತದೆ. ಬೇಗ ನಿಲ್ಲಿಸಿದರೆ ಕೊರಳಿಗೆ ಕಟ್ಟುವ ಸ್ಕಾರ್ಫ್, ಇನ್ನೂ ಹೆಣೆದರೆ ಶಾಲು. ಯಾವ ಆಕಾರವನ್ನು ನೋಡಿ ಜನ ನೂಲು ಸಾಲಲಿಲ್ಲ ಎನ್ನುತ್ತಾರೋ, ನೂಲು ಎಷ್ಟಿದ್ದರೂ ಸಾಲುವ ಆಕಾರ ಅದೇ.

ಹೆಣೆಯುವ ಕ್ರಮ ಸರಳ. ನಾಲ್ಕು ಚೈನು ಹಾಕಿ, ಮೊಟ್ಟಮೊದಲ ಚೈನಿನೊಳಗೆ ಒಂದು ಕಂಬ ಹಾಕಬೇಕು; ಉಳಿದ ಮೂರು ಚೈನು ಇನ್ನೊಂದು ಕಂಬದ ಲೆಕ್ಕ. ಪ್ರತಿ ಸಾಲನ್ನೂ ಮೂರು ಚೈನಿನಿಂದ ಆರಂಭಿಸಿ, ಅದನ್ನು ಮೊದಲ ಕಂಬವೆಂದೇ ಎಣಿಸಿ, ಹಿಂದಿನ ಸಾಲಿನ ಒಂದೊಂದು ಕಂಬದ ತಲೆಯಲ್ಲಿ ಒಂದೊಂದು ಕಂಬ ಹಾಕುತ್ತ ಹೋಗಬೇಕು. ಹೆಚ್ಚಿಸುವುದು ಒಂದೇ ಅಂಚಿನಲ್ಲಿ: ಆ ಅಂಚು ಸಾಲಿನ ಕೊನೆಗೆ ಬಂದಾಗ ಕೊನೆಯ ಕಂಬದಲ್ಲಿ ಎರಡು, ಕೆಲಸ ತಿರುಗಿಸಿದ ಮೇಲೆ ಅದೇ ಅಂಚು ಸಾಲಿನ ಆರಂಭಕ್ಕೆ ಬಂದಾಗ ಮೂರು ಚೈನಿನ ಬುಡದಲ್ಲೇ ಇನ್ನೊಂದು. ಆ ಬದಿಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿಟ್ಟರೆ ಗೊಂದಲವಿರುವುದಿಲ್ಲ. ಇನ್ನೊಂದು ಅಂಚು ನೆಟ್ಟಗೆ ಬರಬೇಕು. ಅಲ್ಲಿ ಹೊಸಬರ ಕೈ ತಪ್ಪಿಸಿಕೊಳ್ಳುವ ಜಾಗವೊಂದಿದೆ: ಹಿಂದಿನ ಸಾಲಿನ ಮೂರು ಚೈನಿನ ತಲೆ ನಿಜವಾದ ಕಂಬದ ತಲೆಯಂತೆ ಅಗಲವಾಗಿ ಕಾಣದೆ ಸ್ವಲ್ಪ ಹೊರಳಿ, ಕಿರಿದಾಗಿ ಮಲಗಿರುತ್ತದೆ, ಅದನ್ನು ಬಿಟ್ಟು ತಿರುಗಿಸಿಬಿಟ್ಟರೆ ಒಂದು ಕಂಬ ಕಡಿಮೆಯಾಗುತ್ತದೆ. ನಾಲ್ಕು ಸಲ ಬಿಟ್ಟರೆ ನೆಟ್ಟಗಿನ ಅಂಚು ಒಳಗೆ ಸರಿಯತೊಡಗುತ್ತದೆ. ಆದ್ದರಿಂದ ಕಡ್ಡಿಯ ತುದಿಯಿಂದ ಆ ಚೈನನ್ನು ತುಸು ಎತ್ತಿ, ಎರಡು ಎಳೆಗಳಡಿ ಕಡ್ಡಿ ತೂರಿಸಿ, ಅಲ್ಲಿ ಕೊನೆಯ ಕಂಬ ಹಾಕಿಯೇ ತಿರುಗಿಸಬೇಕು.

"ಇಷ್ಟೇನಾ? ಬರೀ ಕಂಬನಾ?" ಎಂದು ಕೇಳುವವರೂ ಇದ್ದಾರೆ. ಹೌದು, ಇಷ್ಟೇ. ಹೀಗೆ ಹೋಗಿ ಬಂದು ಹಾಕಿದ ಕಂಬಗಳ ಸಾಲು ಎರಡೂ ಮುಖದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಕೊರಳ ಬಳಿ ತಿರುಚಿಕೊಂಡು, ಎದೆಯ ಮೇಲೆ ಮಗುಚಿಕೊಂಡು ಬರುವ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದ ಇಲ್ಲದಿರುವುದು ದೊಡ್ಡ ಅನುಕೂಲ. ಇದನ್ನು ಹೂವು, ಎಲೆ, ಗಂಟುಗಳಿಂದ ತುಂಬಿದರೆ ಒಳಮೈ ತಾನಾಗಿಯೇ ಹುಟ್ಟಿಕೊಳ್ಳುತ್ತದೆ, ಬಟ್ಟೆಯೂ ಬಿರುಸಾಗುತ್ತದೆ.

ನಮ್ಮ ಕಣ್ಣಿಗೆ ಈ ಆಕಾರ ಯಾಕೆ ಕೊರತೆಯಂತೆ ತೋರುತ್ತದೆ ಎಂಬುದು ನನಗೆ ಅರ್ಥವಾಗದ ಸಂಗತಿಯಲ್ಲ. ನಾವು ಕ್ರೋಶಾ ಎಂದು ನೋಡಿ ಬೆಳೆದದ್ದು ಟೀಪಾಯಿಯ ಮೇಲಿನ ದುಂಡು ಹಾಸು, ಟಿವಿಯ ಮೇಲಿನ ಬಿಳಿ ಹೊದಿಕೆ, ಇಂಥವನ್ನು. ಆಂಧ್ರದ ನರಸಾಪುರದ ಸುತ್ತಲಿನ ಊರುಗಳಲ್ಲಿ 19ನೇ ಶತಮಾನದಿಂದ ಹೆಂಗಸರು ಹೆಣೆಯುತ್ತ ಬಂದಿರುವ, 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಲೇಸಿನಲ್ಲೂ ಮೇಜುಹಾಸುಗಳು ಹೇರಳ, ಅವುಗಳ ಅಂದವೂ ನಾಲ್ಕೂ ದಿಕ್ಕು ಸಮವಾಗಿರುವುದರಲ್ಲಿದೆ. ಮೇಜು ಸಮವಾಗಿರುವುದರಿಂದ ಹಾಸೂ ಸಮವಾಗಿರಬೇಕು, ಒಪ್ಪುತ್ತೇನೆ. ಶಾಲು ಎಂದರೂ ನಮಗೆ ನೆನಪಾಗುವುದು ಸನ್ಮಾನದಲ್ಲಿ ಹೊದಿಸುವ, ಮಡಿಕೆ ಬಿಚ್ಚಿದ ಕೂಡಲೇ ಎರಡು ಹೆಗಲಿನಿಂದಲೂ ಒಂದೇ ಅಳತೆಗೆ ಇಳಿಯುವ ಶಾಲು. ಆದರೆ ಸೀರೆಯ ಸೆರಗನ್ನು ಒಂದೇ ಹೆಗಲ ಮೇಲೆ ಹಾಕಿಕೊಂಡು ಓಡಾಡುವವರು ನಾವು. ಸೆರಗು ಎಡಕ್ಕೆ ಮಾತ್ರ ಯಾಕೆ ಬಿತ್ತು, ಬಲಗಡೆ ಸೀರೆ ಸಾಲಲಿಲ್ಲವೇ ಎಂದು ಯಾವ ಮದುವೆಮನೆಯಲ್ಲೂ ಯಾರೂ ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಎರಡೂ ಕಡೆ ಸಮವಾದ ತ್ರಿಕೋನದ ಶಾಲನ್ನೂ ನಾನು ಹೆಣೆದಿದ್ದೇನೆ, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದರ ಅತಿ ಅಗಲವಾದ ಭಾಗ ಬೆನ್ನಿನ ನಡುವೆ ಬೀಳುತ್ತದೆ. ಎದೆಯ ಕಡೆಗೆ ಬರುವುದು ಎರಡು ಸಪೂರ ಬಾಲಗಳು, ಅವು ಬಗ್ಗಿದಾಗಲೆಲ್ಲ ಜಾರುತ್ತವೆ. ನನ್ನ ಓರೆ ಶಾಲಿನ ಚೂಪಾದ ತುದಿಯನ್ನು ಕೊರಳಿಗೆ ಒಂದು ಸುತ್ತು ಹಾಕಿ ಹೆಗಲಿನ ಹಿಂದೆ ಬಿಟ್ಟರೆ ಅಗಲದ ತುದಿ ಎದೆಯನ್ನು ಮುಚ್ಚಿ ನಿಲ್ಲುತ್ತದೆ, ಅದರ ಭಾರವೇ ಸುತ್ತನ್ನು ಹಿಡಿದಿಡುತ್ತದೆ, ಪಿನ್ನು ಬೇಡ. ಡಿಸೆಂಬರಿನ ಬೆಳಗಿನಲ್ಲಿ ಸ್ಕೂಟರ್ ಓಡಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇಷ್ಟು ಜನ ಇಷ್ಟು ಸಲ ಅಂಚಿನ ಬಗ್ಗೆ ಕೇಳಿದ್ದಾರೆ, ಯಾರಾದರೂ ಒಮ್ಮೆ, "ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗತ್ತೆ?" ಎಂದು ಕೇಳಬೇಕೆಂದು ನನಗೆ ಆಸೆ. ಈ ಶಾಲಿನ ನಿಜವಾದ ಸ್ವಾರಸ್ಯ ಅಲ್ಲಿದೆ. ಮಧ್ಯಮ ದಪ್ಪದ ನೂಲು, 5 ಮಿ.ಮೀ. ಕಡ್ಡಿ ಹಿಡಿದರೆ ನನ್ನ ಕೈಯಲ್ಲಿ 10 ಸೆಂಟಿಮೀಟರ್ ಚೌಕಕ್ಕೆ 16 ಕಂಬ, 8 ಸಾಲು ಬರುತ್ತವೆ. ಅಂದರೆ 120 ಸಾಲು ಹೆಣೆದರೆ ನೆಟ್ಟಗಿನ ಅಂಚು 150 ಸೆಂ.ಮೀ., ಕೊನೆಯ ಸಾಲು ಸುಮಾರು 75 ಸೆಂ.ಮೀ., ಓರೆ ಅಂಚು ಸುಮಾರು 168 ಸೆಂ.ಮೀ. ಆಗುತ್ತದೆ. ಅರ್ಧ ನೂಲು ಮುಗಿದಾಗ ಎಷ್ಟನೇ ಸಾಲಿನಲ್ಲಿರುತ್ತೇವೆ? 60 ಎಂದು ಎಲ್ಲರೂ ಹೇಳುತ್ತಾರೆ. ಸಾಲುಗಳು ಉದ್ದವಾಗುತ್ತ ಹೋಗುವುದರಿಂದ ಅರ್ಧ ನೂಲು ತೀರುವುದು 85ನೇ ಸಾಲಿನ ಹೊತ್ತಿಗೆ. ಉಳಿದ 35 ಸಾಲುಗಳೇ ಇನ್ನರ್ಧವನ್ನು ತಿನ್ನುತ್ತವೆ, ಕೊನೆಯ 16 ಸಾಲುಗಳಿಗೇ ಕಾಲು ಭಾಗ ಬೇಕು. ಎರಡು ಬಣ್ಣದ ನೂಲು ಸಮತೂಕದಲ್ಲಿದ್ದರೆ ಮೊದಲ ಬಣ್ಣ ಶಾಲಿನ ಉದ್ದದಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಆವರಿಸಿ, ಎರಡನೆಯದು ಅಗಲದ ತುದಿಯಲ್ಲಿ ದಟ್ಟವಾಗಿ ಬರುತ್ತದೆ. ಬಣ್ಣ ಆರಿಸುವಾಗ ಇದನ್ನು ನೆನಪಿಟ್ಟರೆ ಶಾಲಿನ ರೂಪವೇ ಬೇರೆಯಾಗುತ್ತದೆ.

ನಿಲ್ಲಿಸುವುದನ್ನು ತಿಳಿಸುವುದು ಅಡುಗೆಮನೆಯ ತಕ್ಕಡಿ. ಒಂದು ಸಾಲಿನ ಮೊದಲು ಉಂಡೆಯನ್ನು ತೂಗಿ, ಸಾಲು ಮುಗಿದ ಮೇಲೆ ಮತ್ತೆ ತೂಗಿದರೆ ಆ ಸಾಲಿಗೆ ಎಷ್ಟು ಗ್ರಾಂ ಹೋಯಿತೆಂದು ತಿಳಿಯುತ್ತದೆ. 200 ಗ್ರಾಂ ನೂಲಿನ 120 ಸಾಲಿನ ಶಾಲಾದರೆ ಕೊನೆಯ ಸಾಲಿಗೆ ಮೂರು ಗ್ರಾಂಗಿಂತ ತುಸು ಹೆಚ್ಚು ಬೇಕು; ಉಂಡೆಯಲ್ಲಿ ಅಷ್ಟು ಉಳಿಯದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅಂಚು ಕಟ್ಟುವ ಆಸೆಯಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕು, ಏಕೆಂದರೆ ಮೂರು ಬದಿ ಸೇರಿ ನಾಲ್ಕು ಮೀಟರಿನ ಹತ್ತಿರ ಬರುತ್ತದೆ, ಗಿಡ್ಡ ಹೊಲಿಗೆಯ ಒಂದೇ ಸುತ್ತಿಗೂ ಮೂರ್ನಾಲ್ಕು ದೊಡ್ಡ ಸಾಲುಗಳಷ್ಟು ನೂಲು ಬೇಕಾಗುತ್ತದೆ. ನಾನು ಐದು ಸಾಲಿನಷ್ಟು ನೂಲನ್ನು ಎತ್ತಿಟ್ಟೇ ನಿಲ್ಲಿಸುತ್ತೇನೆ. ಇನ್ನೊಂದು ಉಂಡೆ ತರುವುದಾದರೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯನ್ನೂ (ಯಾವ ಸಲದ ಬಣ್ಣದಲ್ಲಿ ಅದ್ದಿದ ನೂಲು ಎಂಬ ಗುರುತು) ಉಂಡೆಯ ಚೀಟಿಯಲ್ಲಿ ನೋಡಿಯೇ ತನ್ನಿ. ಲಾಟ್ ಬೇರೆಯಾದರೆ ಶಾಲಿನ ಅತಿ ಅಗಲದ ಜಾಗದಲ್ಲೇ ಗೆರೆ ಎದ್ದು ಕಾಣುತ್ತದೆ.

ಕಡ್ಡಿಯ ವಿಷಯದಲ್ಲಿ ಜಿಪುಣತನ ಬೇಡ. ಚೀಟಿಯಲ್ಲಿ 4 ಮಿ.ಮೀ. ಎಂದಿದ್ದರೆ ಶಾಲಿಗೆ 5 ಹಿಡಿಯಿರಿ, ಕೈ ಬಿಗಿಯಾಗಿದ್ದರೆ ಐದೂವರೆ. ಚೀಟಿಯ ಅಳತೆಗೆ ಹೆಣೆದ ಕಂಬಗಳು ಬ್ಯಾಗಿಗೆ ಚೆನ್ನ, ಹೆಗಲಿಗೆ ಬಿರುಸು. ಉಣ್ಣೆಯ ಶಾಲನ್ನು ಹೆಣೆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಪಿನ್ನು ಹಾಕಿ ಒಣಗಿಸಿದರೆ ಕಂಬಗಳು ಒಂದಕ್ಕೊಂದು ಹೊಂದಿಕೊಂಡು ಆಕಾರ ಗಟ್ಟಿಯಾಗುತ್ತದೆ. ಅಕ್ರಿಲಿಕ್ ನೂಲು ಈ ಸ್ನಾನಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಅದಕ್ಕೆ ಬಿಸಿ ಇಸ್ತ್ರಿ ತಗುಲಿದರೆ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಪಿನ್ನು ಹಾಕುವಾಗ ನೆಟ್ಟಗಿನ ಅಂಚನ್ನು ಚಾಪೆಯ ಗೆರೆಗೆ ಹೊಂದಿಸಿ ಮೊದಲು ಕೂರಿಸಿ, ಆಮೇಲೆ ಅಗಲದ ತುದಿ, ಕೊನೆಗೆ ಓರೆ ಅಂಚು. ಓರೆ ಅಂಚನ್ನು ಎಳೆಯದೆ, ಅದು ತಾನಾಗಿ ಬಂದು ಕೂರುವ ಜಾಗದಲ್ಲೇ ಪಿನ್ನು ಚುಚ್ಚಿ.