ಆಯುಧಪೂಜೆಯೊಳಗೆ ಅಂಬಾಸಿಡರ್‌ನ ಬಿಳಿ ಪಟ್ಟಿ

ಸರಸ್ವತಿಪುರಂನ ನಮ್ಮ ಮನೆ ಶೆಡ್ಡಿನಲ್ಲಿರುವ 1968ರ ಅಂಬಾಸಿಡರ್ ಮಾರ್ಕ್ 2ಕ್ಕೆ ಎಂಜಿನ್ ಕೆಲಸ, ಬ್ರೇಕ್ ಕೆಲಸ ಎರಡೂ ಮುಗಿದವು. ಈಗ ಟಯರ್ ಸರದಿ. ನಾಲ್ಕೂ 5.90-15 ಅಳತೆಯ ವೈಟ್‌ವಾಲ್, ಅಂದರೆ ಪಕ್ಕೆಯಲ್ಲಿ ಸುತ್ತಲೂ ಬಿಳಿ ಪಟ್ಟಿ ಇರುವ ಟಯರ್. ಓಡಿದ್ದು ಕಡಿಮೆ, ಸವೆದೂ ಇಲ್ಲ. ಆದರೆ ಬಿಳಿ ಪಟ್ಟಿ ಹಳೇ ಪಂಚೆಯ ಬಣ್ಣಕ್ಕೆ ತಿರುಗಿದೆ. ಹಬ್ಬಕ್ಕೆ ಇನ್ನು ನಾಲ್ಕು ವಾರ.

ಮೊದಲ ಭಾನುವಾರ

ಬರೀ ನೀರಿನಲ್ಲಿ ತೊಳೆದೆ. ಮಂಡ್ಯ ಕಡೆ ನಾಲೆ ಏರಿ ಮೇಲೆ ಓಡಾಡಿದಾಗ ಮೆತ್ತಿದ್ದ ಕೆಮ್ಮಣ್ಣು ಹೋಯಿತು. ಕಂದು ಕಲೆ ಅಲ್ಲಾಡಲಿಲ್ಲ.

ಈ ಕಂದು ಬಣ್ಣ ಹೊರಗಿನಿಂದ ಬಂದದ್ದಲ್ಲ. ರಬ್ಬರ್ ಬಿರುಕು ಬಿಡದಿರಲಿ ಅಂತ ಕಪ್ಪು ಭಾಗಕ್ಕೆ ಓಝೋನ್ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಅದು ನಿಧಾನವಾಗಿ ಮೇಲಕ್ಕೆ ಬರುತ್ತಲೇ ಇರುತ್ತದೆ, ಗಾಳಿ ಸೋಕಿ ಕಂದಾಗುತ್ತದೆ. ಕಪ್ಪಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಪಕ್ಕದ ಬಿಳಿಗೆ ಹಬ್ಬಿದಾಗ ಎದ್ದು ಕಾಣುತ್ತದೆ. ಇದಕ್ಕೆ ಜೊತೆಯಾಗಿ ನಾನು ಎರಡು ವರ್ಷ ಟಯರ್ ಪಾಲಿಶ್ ಬೇರೆ ಹಚ್ಚಿದ್ದೆ. ಸಿಲಿಕೋನ್, ಪೆಟ್ರೋಲಿಯಂ ಎಣ್ಣೆ ಇರುವ ಪಾಲಿಶ್ ಈ ಕಲೆಯನ್ನು ಜಾಸ್ತಿ ಮಾಡುತ್ತದೆ. ಡಬ್ಬಿಯನ್ನು ಅವತ್ತೇ ಶೆಡ್ಡಿನಿಂದ ಹೊರಗೆ ಹಾಕಿದೆ.

ಎರಡನೇ ಭಾನುವಾರ

ಬೆಳಗ್ಗೆ ಬಿಸಿಲೇರುವ ಮೊದಲೇ ಶುರು ಮಾಡಿದೆ. ಟಯರ್ ಬಿಸಿಯಿದ್ದರೆ ಸಾಬೂನು ಅಲ್ಲೇ ಒಣಗಿ ಕೂರುತ್ತದೆ. ನಮ್ಮ ಬೋರ್ ನೀರು ಗಡಸು, ಆರಿದರೆ ಬೂದಿಯಂತೆ ಕಲೆ ಬಿಡುತ್ತದೆ. ಅದಕ್ಕೆ ಕಾವೇರಿ ನೀರು ಬಂದಾಗ ಮೂರು ಬಕೆಟ್ ಹಿಡಿದಿಟ್ಟಿದ್ದೆ.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ನೈಲಾನ್ ಬ್ರಷ್. ಒಂದು ಸಲಕ್ಕೆ ಒಂದೇ ಚಕ್ರ. ಪಟ್ಟಿಯ ಗುಂಟ ಸುತ್ತಲೂ ಉಜ್ಜಬೇಕು, ಅಡ್ಡಡ್ಡ ಅಲ್ಲ. ಬ್ರಷ್‌ಗೆ ಬಗ್ಗದ ಕಡೆ ತೀರಾ ನಯವಾದ ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಅನ್ನು ಸಾಬೂನಿನಲ್ಲಿ ನೆನೆಸಿ, ಒತ್ತದೆ ಉಜ್ಜಿದೆ. ನೊರೆ ಟೀ ಬಣ್ಣಕ್ಕೆ ಬಂತು. ನೀರು ಸುರಿದಾಗ ಎಡಗಡೆ ಹಿಂದಿನ ಚಕ್ರದಲ್ಲಿ ಹಾಲಿನಂಥ ಬಿಳುಪು! ಮೂರು ವರ್ಷದ ಹಿಂದೆ ಹೊಸ ಟಯರಿನ ನೀಲಿ ಲೇಪವನ್ನು ಸಾಬೂನು ನೀರಲ್ಲಿ ತೊಳೆದ ದಿನವೇ ನೆನಪಾಯಿತು.

ಗ್ಯಾರೇಜಿನಲ್ಲಿ ಒಬ್ಬರು, "ಪೆಟ್ರೋಲ್ ಹಾಕಿ ಒರೆಸಿ ಸಾರ್, ಒಂದು ನಿಮಿಷ" ಅಂದಿದ್ದರು. ದಯವಿಟ್ಟು ಬೇಡ. ರಬ್ಬರ್ ಮೆತ್ತಗಾಗುತ್ತದೆ, ಪಕ್ಕದ ಕಪ್ಪೂ ಬಿಳಿಗೆ ಬಳಿದುಕೊಳ್ಳುತ್ತದೆ.

ಮೂರನೇ ಭಾನುವಾರ

ಎಡಗಡೆ ಮುಂದಿನ ಚಕ್ರದಲ್ಲಿ ಫುಟ್‌ಪಾತ್ ಕಲ್ಲಿಗೆ ಉಜ್ಜಿದ ಗೆರೆ ಇತ್ತು. 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್), ಆಮೇಲೆ ಅದಕ್ಕಿಂತ ನಯವಾದ 600, ಎರಡನ್ನೂ ನೀರು ಹಾಕುತ್ತಾ ಆ ಜಾಗಕ್ಕೆ ಮಾತ್ರ ಉಜ್ಜಿದೆ. ಬಿಳಿ ಪಟ್ಟಿ ಬಣ್ಣ ಬಳಿದದ್ದಲ್ಲ, ಅದೂ ರಬ್ಬರೇ, ಆದರೆ ತೆಳು ಪದರ. ಪ್ರತಿ ಸಲ ಪೇಪರ್ ಹಿಡಿದರೆ ಪಟ್ಟಿಯೇ ಸವೆಯುತ್ತದೆ. ಗಾಳಿಯೂ ಕಡಿಮೆಯಿತ್ತು, ತುಂಬಿಸಿದೆ. ಗಾಳಿ ಇಳಿದ ಟಯರಿನ ಪಕ್ಕೆ ಉಬ್ಬಿ, ಕಲ್ಲಿಗೆ ಬೇಗ ತಗಲುತ್ತದೆ.

ಹಬ್ಬದ ಹಿಂದಿನ ದಿನ

ಹೋದ ವರ್ಷ ಅಮ್ಮ ನಾಲ್ಕೂ ಚಕ್ರಕ್ಕೆ ಒದ್ದೆ ಕುಂಕುಮ ಇಟ್ಟಿದ್ದರು. ಬೂದುಗುಂಬಳ ಒಡೆದಾಗ ಅದರೊಳಗಿನ ಕೆಂಪು ನೀರೂ ಸಿಡಿದಿತ್ತು. ಎರಡು ದಿನ ಹಾಗೇ ಬಿಟ್ಟಿದ್ದಕ್ಕೆ ಗುಲಾಬಿ ಕಲೆ ಉಳಿದು, ಮೊನ್ನೆ ಮೊನ್ನೆವರೆಗೂ ಕಾಣುತ್ತಿತ್ತು.

"ಅಮ್ಮ, ಈ ಸಲ ಕುಂಕುಮ ಬಾನೆಟ್ಟಿಗೆ ಇಡೋಣ, ಚಕ್ರಕ್ಕೆ ಹೂವು ಸಾಕು" ಅಂದೆ.

"ಚಕ್ರಕ್ಕೆ ಇಡದೆ ಪೂಜೆ ಹೇಗೋ? ಮಧ್ಯದ ಬಟ್ಟಲಿಗೆ ಇಡ್ತೀನಿ ಬಿಡು" ಅಂದರು.

ವೀಲ್ ಕಪ್ ಕ್ರೋಮಿನದು, ಒರೆಸಿದರೆ ಹೋಗುತ್ತದೆ. ನಿಂಬೆಹಣ್ಣು ಟಯರಿನ ಅಡಿಗೆ ಎಂದಿನಂತೆ, ಕುಂಬಳಕಾಯಿ ಗೇಟಿನಾಚೆ. ಬಲಗಡೆ ಹಿಂದಿನ ಚಕ್ರದ ಒಳ ಅಂಚಿನಲ್ಲಿ ಇನ್ನೂ ಸ್ವಲ್ಪ ಹಳದಿ ಇದೆ. ಅದಕ್ಕೆ ಹಬ್ಬ ಕಳೆದ ಮೇಲೆ ಮತ್ತೊಂದು ಸುತ್ತು ಸಾಬೂನು ನೀರು.